ಅಂಕಪಟ್ಟಿಯಿಂದ ಬಂದ ಕಾರ್ಯದರ್ಶಿ

ಈ ವರ್ಷ ನಾನು ನಮ್ಮ ಕಾಲೇಜಿನ ವಿದ್ಯಾರ್ಥಿ ಸಂಘದ ಕಾರ್ಯದರ್ಶಿಯಾದೆನೆಂಬ ಸುದ್ದಿಯನ್ನು ಊರಿಗೆ ಹೋಗಿ ಹೇಳಿದಾಗ ನಮ್ಮ ತಾಯಿ ಕೇಳಿದ ಮೊದಲ ಪ್ರಶ್ನೆ, “ಎಷ್ಟು ಓಟಿನಲ್ಲಿ ಗೆದ್ದೆ?” ಎಂಬುದು. ಅವರು ನಮ್ಮೂರ ಗ್ರಾಮ ಪಂಚಾಯಿತಿಯ ಸದಸ್ಯೆ. 11 ಓಟುಗಳಿಂದ ಗೆದ್ದವರು. ಶಾಲೆಗೆ ಹೋದದ್ದು ಮೂರನೆಯ ತರಗತಿಯವರೆಗೆ ಮಾತ್ರ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. “ಓಟು ಗೀಟು ಇಲ್ಲವಮ್ಮ, ಅಂಕ ನೋಡಿ ನೇಮಿಸಿದರು” ಎಂದೆ. “ಹಾಗಾದರೆ ನೀನು ಯಾರ ಕಡೆಯವನು?” ಎಂದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರವಿಲ್ಲವೆಂಬುದು ಸರಿಯಾಗಿ ಮನದಟ್ಟಾದದ್ದು ಆಗಸ್ಟ್ ತಿಂಗಳಿನಲ್ಲಿ. ಹಳ್ಳಿಗಳಿಂದ ದಿನವೂ ಬಂದು ಹೋಗುವ ಸುಮಾರು 40 ಮಂದಿ ವಿದ್ಯಾರ್ಥಿಗಳು ನನ್ನ ಬಳಿಗೆ ಬಂದರು. ಕೊನೆಯ ತರಗತಿ ಮುಗಿಯುವುದು 4-30ಕ್ಕೆ. ಅವರ ಕಡೆಗೆ ಹೋಗುವ ಕೊನೆಯ ಬಸ್ಸು ಹೊರಡುವುದು 4-15ಕ್ಕೆ. ಪಾಠ ಕೇಳಿದರೆ ಬಸ್ಸಿಲ್ಲ, ಬಸ್ಸು ಹಿಡಿದರೆ ಹಾಜರಿಯಿಲ್ಲ. ಇದನ್ನು ಪ್ರಾಂಶುಪಾಲರಿಗೆ ತಿಳಿಸಬೇಕೆಂದು ಹೊರಟವನು ಒಳಗೆ ಹೋಗಿ, ಸಂಘದ ಉದ್ಘಾಟನೆಗೆ ಬೇಕಾದ ಹಾರ ಶಾಲುಗಳ ಪಟ್ಟಿಯನ್ನು ಬರೆದುಕೊಂಡು ಹೊರಗೆ ಬಂದೆ. ಬಸ್ಸಿನ ಮಾತು ಬಾಯಿಂದ ಹೊರಡಲೇ ಇಲ್ಲ. ಅವರೇನೂ ಗದರಲಿಲ್ಲ, ಕುಳಿತುಕೋ ಎಂದೇ ಹೇಳಿದರು. ಆದರೆ ನನ್ನನ್ನು ಆ ಕುರ್ಚಿಗೆ ತಂದವರು ಎದುರಿಗಿದ್ದ ಅವರೇ ಹೊರತು ಹೊರಗೆ ನಿಂತಿದ್ದ 40 ಮಂದಿಯಲ್ಲವಲ್ಲ! ಅವರೇ ಓಟು ಹಾಕಿ ಕಳುಹಿಸಿದ್ದರೆ ಬರಿಗೈಯಲ್ಲಿ ಹಿಂದಿರುಗಲು ನನಗೆ ಮುಖವಿರುತ್ತಿರಲಿಲ್ಲ. (ಧೈರ್ಯವಿದ್ದವನು ಹೇಗೂ ಕೇಳುತ್ತಿದ್ದನು ಎನ್ನುವಿರಾದರೆ, ಒಪ್ಪಿದೆ. ಆದರೆ ಅಂಕಪಟ್ಟಿಯಲ್ಲಿ ಧೈರ್ಯಕ್ಕೆ ಅಂಕವಿಲ್ಲ.)

1989ರಲ್ಲಿ ಸಂವಿಧಾನದ 61ನೆಯ ತಿದ್ದುಪಡಿಯು ಜಾರಿಗೆ ಬಂದು ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಹೆಚ್ಚು ಕಡಿಮೆ ಅದೇ ಕಾಲಕ್ಕೆ ನಮ್ಮ ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿ ಚುನಾವಣೆಗಳು ನಿಂತುಹೋದವು. ದೇಶವನ್ನಾಳುವವರನ್ನು ಆರಿಸಬಲ್ಲ ವಯಸ್ಸು, ತರಗತಿಯ ಪ್ರತಿನಿಧಿಯನ್ನು ಆರಿಸಲು ಸಾಲದಾಯಿತು! ಹಿರಿಯರಲ್ಲಿ ವಿಚಾರಿಸಿದರೆ ಅಂದಿನ ಹೊಡೆದಾಟ, ಹಣದ ಚೆಲ್ಲಾಟ, ಜಾತಿಯ ಗುಂಪುಗಳ ಕಥೆಗಳನ್ನು ಹೇಳುತ್ತಾರೆ. ಅವೆಲ್ಲ ಸುಳ್ಳೆಂದು ನಾನು ವಾದಿಸುವುದಿಲ್ಲ. ತಲೆ ಒಡೆಸಿಕೊಂಡವರ ತಾಯ್ತಂದೆಯರೂ ನಮ್ಮವರಂತೆಯೇ ಹೊಲ ಮಾರಿ ಓದಿಸಿದವರಿದ್ದಾರು.

ಆದರೆ ಈ ಭಯಕ್ಕೆ ಮದ್ದನ್ನು ಬಲ್ಲವರು ಎಂದೋ ಬರೆದಿಟ್ಟಿದ್ದಾರೆ. ಮಾಜಿ ಮುಖ್ಯ ಚುನಾವಣಾ ಆಯುಕ್ತರಾದ ಜೆ. ಎಂ. ಲಿಂಗ್ಡೋ ಅವರ ಸಮಿತಿಯು 2006ರಲ್ಲಿ ವರದಿ ಒಪ್ಪಿಸಿತು. ಅದರ ಶಿಫಾರಸುಗಳನ್ನು ಆಚರಣೆಗೆ ತರಬೇಕೆಂದು ಅದೇ ವರ್ಷ ಸರ್ವೋಚ್ಚ ನ್ಯಾಯಾಲಯವು ಆಜ್ಞೆ ಮಾಡಿತು. ಅಭ್ಯರ್ಥಿಯ ಖರ್ಚು 5000 ರೂಪಾಯಿ ಮೀರಕೂಡದು. ಅಚ್ಚು ಹಾಕಿಸಿದ ಭಿತ್ತಿಪತ್ರ ಕೂಡದು, ಕೈಯಲ್ಲಿ ಬರೆದದ್ದೇ ಆಗಬೇಕು. ಶೇಕಡಾ 75 ಹಾಜರಿ ಬೇಕು. ಚುನಾವಣೆಯ ಗದ್ದಲವೆಲ್ಲ 10 ದಿನಗಳೊಳಗೆ ಮುಗಿಯಬೇಕು. ನಮ್ಮ ಮಟ್ಟಿಗೆ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ವಾತಾವರಣ ಸರಿಯಿಲ್ಲದ ಕಡೆ ಸದ್ಯಕ್ಕೆ ನೇಮಕವಾಗಲಿ, ಆದರೆ ಆ ನೇಮಕವೂ ಕೇವಲ ಅಂಕಗಳ ಮೇಲೆ ಆಗದಿರುವುದು ಲೇಸು ಎಂದು ಸಮಿತಿಯು ಸ್ಪಷ್ಟವಾಗಿ ಹೇಳಿದೆ. ನೇಮಕದ ಪದ್ಧತಿಯು 5 ವರ್ಷಗಳಲ್ಲಿ ಚುನಾವಣೆಗೆ ತಿರುಗಬೇಕೆಂದೂ ಹೇಳಿದೆ. ಆ ಲೆಕ್ಕದ ಐದು ವರ್ಷ 2011ಕ್ಕೇ ತುಂಬಿತು. ನನ್ನ ಹೆಸರು ಮಾತ್ರ ಅಂಕಪಟ್ಟಿಯಿಂದಲೇ ಬಂತು.

ಇಟಲಿಯ ಬೊಲೋನ್ಯಾ ನಗರದಲ್ಲಿ, ಮಧ್ಯಯುಗದಲ್ಲಿ, ವಿದ್ಯಾರ್ಥಿಗಳೇ ಸಂಘ ಕಟ್ಟಿಕೊಂಡು ವಿಶ್ವವಿದ್ಯಾನಿಲಯವನ್ನು ನಡೆಸುತ್ತಿದ್ದರು. ತಡವಾಗಿ ಬಂದ ಗುರುಗಳಿಗೆ ದಂಡವನ್ನೂ ವಿಧಿಸುತ್ತಿದ್ದರು. ನಮ್ಮ ಅಧ್ಯಾಪಕವರ್ಗ ಗಾಬರಿಪಡಬೇಕಾಗಿಲ್ಲ, ಅಷ್ಟು ದೂರ ಹೋಗುವ ಆಸೆ ನಮಗಿಲ್ಲ. ತರಗತಿಗೊಬ್ಬ ಪ್ರತಿನಿಧಿಯನ್ನು ಆಯಾ ತರಗತಿಯವರೇ ಚೀಟಿ ಬರೆದು ಆರಿಸಲಿ. ಆ ಪ್ರತಿನಿಧಿಗಳು ಸೇರಿ ಕಾರ್ಯದರ್ಶಿಯನ್ನು ಆರಿಸಲಿ. ಒಂದು ರಟ್ಟಿನ ಪೆಟ್ಟಿಗೆ, ಒಂದು ಮಧ್ಯಾಹ್ನದ ಬಿಡುವು ಸಾಕು. ಹೆಚ್ಚು ಅಂಕ ಪಡೆದವನೂ ನಿಲ್ಲಲಿ, ಬೇಡವೆಂದವರಾರು? ಅವನಿಗೆ ಬಹುಮಾನ ಕೊಡಲು ವಾರ್ಷಿಕೋತ್ಸವ ಬೇರೆ ಇದ್ದೇ ಇದೆ.

ಚುನಾವಣೆ ನಡೆದಿದ್ದರೆ ನಾನು ಗೆಲ್ಲುತ್ತಿದ್ದೆನೆಂದು ಇಷ್ಟೆಲ್ಲ ಬರೆಯುತ್ತಿಲ್ಲ. ಪ್ರಾಯಶಃ ಸೋಲುತ್ತಿದ್ದೆ. ದ್ವಿತೀಯ ಬಿ.ಎ.ಯಲ್ಲಿ ಒಬ್ಬಳಿದ್ದಾಳೆ, ಎರಡು ವಿಷಯಗಳಲ್ಲಿ ಅಂಕ ಕಡಿಮೆ. ಆ 40 ಮಂದಿಯನ್ನು ಕೂಡಿಸಿಕೊಂಡು ಅಂದು ನನ್ನಲ್ಲಿಗೆ ಬಂದವಳು ಅವಳೇ. ಹಾರದ ಪಟ್ಟಿ ಹಿಡಿದು ನಾನು ಹೊರಗೆ ಬಂದಾಗ ಬಾಗಿಲಲ್ಲಿ ನಿಂತಿದ್ದಳು. ಏನನ್ನೂ ಕೇಳದೆ ಬಸ್ಸಿಗೆ ಓಡಿದಳು.

ಈ ಸಂಚಿಕೆ ಅಚ್ಚಾಗಿ ಬರುವ ವೇಳೆಗೆ ನಾನು ಇಲ್ಲಿಂದ ಹೊರಟಿರುತ್ತೇನೆ. ಮುಂದಿನ ಕಾರ್ಯದರ್ಶಿಗಳು ಯಾರೇ ಆಗಲಿ, ಹೇಗೇ ಬಂದಿರಲಿ, ಇಷ್ಟನ್ನು ನೆನಪಿನಲ್ಲಿಡಬೇಕಾಗಿ ಪ್ರಾರ್ಥನೆ: ಬಸ್ಸು ಈಗಲೂ 4-15ಕ್ಕೇ ಹೊರಡುತ್ತಿದೆ.

— ಅಂತಿಮ ಬಿ.ಎ. ವಿದ್ಯಾರ್ಥಿ