ಅನ್ವಯವೂ ವ್ಯತಿರೇಕವೂ

ಪುಣೆಯ ಪೂರ್ವದಂಚಿನಲ್ಲಿ, ಮುಳಾ-ಮುಠಾ ನದಿಯ ಬದಿಗೆ ಹಿಂದೆ ಹೊಲಗಳಿದ್ದ ಖರಾಡಿಯಲ್ಲಿ ಈಗ ಗಾಜಿನ ಸೌಧಗಳು ಎದ್ದು ನಿಂತಿವೆ. ಅಲ್ಲಿ ನೆಲೆಸಿರುವ ಧಾರವಾಡ ಸೀಮೆಯ ಮಿತ್ರರೊಬ್ಬರ ಮನೆಗೆ ಕಳೆದ ಭಾನುವಾರ ಹೋಗಿದ್ದಾಗ, ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ ಜಾತಕವೊಂದು ಮೇಜಿನ ಮೇಲಿತ್ತು. ಮಗನ ಸಾಲಾವಳಿ ಕೂಡಿಬಂದಿತ್ತು. 36 ಗುಣಗಳಲ್ಲಿ 26. ಗಣಕಯಂತ್ರಕ್ಕೆ ದತ್ತಾಂಶಗಳ ಮೂಲಕ ಪಾಠ ಕಲಿಸುವುದು ಆ ಹುಡುಗನ ಉದ್ಯೋಗ. ದತ್ತಾಂಶದ ಒಂದು ಪಾಲನ್ನು ಯಂತ್ರದ ಕಣ್ಣಿಗೆ ಬೀಳದಂತೆ ಬೇರೆಯಾಗಿ ತೆಗೆದಿರಿಸಿ, ಅದರ ಮೇಲೆ ಪರೀಕ್ಷೆ ನಡೆಯುವವರೆಗೂ ಯಂತ್ರವು ಕಲಿತಿತೆಂದು ತಾವು ಒಪ್ಪುವುದಿಲ್ಲವೆಂದು ಅವನು ವಿವರಿಸಿದನು. ತಾನು ಹೇಳುತ್ತಿರುವುದು ಜ್ಞಾನಮೀಮಾಂಸೆಯೆಂದು ಅವನಿಗೆ ಯಾವ ಕಾಲೇಜೂ ತಿಳಿಸಿರಲಿಲ್ಲ.

ಯಾವುದು ಜ್ಞಾನ, ಯಾವುದು ಕೇವಲ ನಂಬಿಕೆ ಎಂಬ ವಿವೇಚನೆಯು ವಿಜ್ಞಾನಿಯ ಕೆಲಸ ಮುಗಿದ ಮೇಲೆ ತತ್ತ್ವಜ್ಞಾನಿಗಳು ಬಿಡುವಿನಲ್ಲಿ ನಡೆಸತಕ್ಕ ಚರ್ಚೆಯೆಂದು ನಮ್ಮಲ್ಲಿ ಅನೇಕರು ಭಾವಿಸಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಪ್ರಯೋಗದ ಮೊದಲ ಗೆರೆಯನ್ನೆಳೆಯುವುದಕ್ಕೂ ಮುಂಚೆಯೇ, ಏನು ಕಂಡರೆ ನಾನು ಸೋತೆನೆಂದು ಒಪ್ಪುವೆನು ಎಂಬುದನ್ನು ಸಂಶೋಧಕನು ನಿಶ್ಚಯಿಸಿಕೊಳ್ಳಬೇಕಾಗುತ್ತದೆ. ಆ ನಿಶ್ಚಯವು ಯಾವ ಉಪಕರಣದಿಂದಲೂ ದೊರೆಯುವಂಥದಲ್ಲ.

ಇದಕ್ಕೆ ಸಾಕ್ಷಿಯು ಪುಣೆಯಲ್ಲಿಯೇ ಇದೆ. 2008ರಲ್ಲಿ ಖಗೋಳವಿಜ್ಞಾನಿ ಜಯಂತ ನಾರಳೀಕರರು, ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕ ಸುಧಾಕರ ಕುಂಟೆಯವರು, ಮೂಢನಂಬಿಕೆಗಳ ವಿರುದ್ಧ ಹೋರಾಡಿದ ನರೇಂದ್ರ ದಾಭೋಲ್ಕರರು ಮತ್ತು ಜ್ಯೋತಿಷ-ವಿಮರ್ಶಕ ಪ್ರಕಾಶ ಘಾಟಪಾಂಡೆಯವರು ಕೂಡಿ ಫಲಜ್ಯೋತಿಷವನ್ನು ಪರೀಕ್ಷೆಗೊಡ್ಡಿದರು. 100 ಮಂದಿ ಪ್ರತಿಭಾವಂತ ಮಕ್ಕಳ, 100 ಮಂದಿ ಬುದ್ಧಿಮಾಂದ್ಯ ಮಕ್ಕಳ ಜನ್ಮವಿವರಗಳಿಂದ ಜಾತಕಗಳು ಸಿದ್ಧವಾದವು. ಯಾವುದು ಯಾರದೆಂಬುದನ್ನು ಗುಪ್ತವಾಗಿರಿಸಿ ಒಬ್ಬೊಬ್ಬ ಜ್ಯೋತಿಷಿಗೆ 40 ಜಾತಕಗಳನ್ನು ಕಳುಹಿಸಿದರು. ಕೆಲಸವನ್ನು ಪೂರ್ಣಗೊಳಿಸಿ ಉತ್ತರ ಕಳುಹಿಸಿದವರು 27 ಮಂದಿ. ಸರಾಸರಿಯಲ್ಲಿ ಸರಿಯಾದ ಉತ್ತರಗಳು ಅರ್ಧಕ್ಕಿಂತಲೂ ಕಡಿಮೆ. ನಾಣ್ಯವನ್ನು ನಲವತ್ತು ಬಾರಿ ಚಿಮ್ಮಿದ್ದರೆ ಇಪ್ಪತ್ತರ ಆಸುಪಾಸಿನಲ್ಲಿ ದೊರೆಯುತ್ತಿತ್ತು. ಆದರೆ ಈ ಅಂಕಿಗಿಂತಲೂ ನನ್ನ ಮನಸ್ಸನ್ನು ಸೆಳೆದುದು ಆ ಗುಪ್ತತೆಯ ಏರ್ಪಾಡು. ತನ್ನ ಇಷ್ಟಾನಿಷ್ಟಗಳು ತನ್ನ ಕಣ್ಣನ್ನೇ ವಂಚಿಸಬಲ್ಲವೆಂದು ಮೊದಲೇ ಒಪ್ಪಿಕೊಂಡವನು ಮಾತ್ರ ಇಂಥ ಏರ್ಪಾಡನ್ನು ಕಲ್ಪಿಸಿಕೊಳ್ಳಬಲ್ಲನು.

ಈ ವಿಚಾರವು ನಮಗೆ ಪರಕೀಯವೂ ಅಲ್ಲ. ಕಂಡ ನೂರು ಅಡುಗೆಮನೆಗಳಲ್ಲಿ ಹೊಗೆಯೊಡನೆ ಬೆಂಕಿಯಿದ್ದಿತೆಂದ ಮಾತ್ರಕ್ಕೆ ಕಾಣದ ಬೆಟ್ಟದಲ್ಲಿಯೂ ಅದು ಇರಲೇಬೇಕೆಂಬ ನಿಯಮವೆಲ್ಲಿಯದು ಎಂದು ಚಾರ್ವಾಕರು ಕೇಳಿದರು. ಆ ಪ್ರಶ್ನೆಯನ್ನು ನೈಯಾಯಿಕರು ತಿರಸ್ಕರಿಸಿ ಮುಂದೆ ಸಾಗಲಿಲ್ಲ. ಹೊಗೆಯಿರುವಲ್ಲಿ ಬೆಂಕಿಯಿದೆಯೆಂಬ ಅನ್ವಯದೊಡನೆ, ಬೆಂಕಿಯಿಲ್ಲದ ಸರೋವರದಲ್ಲಿ ಹೊಗೆಯೂ ಇಲ್ಲವೆಂಬ ವ್ಯತಿರೇಕವನ್ನೂ ತೋರಿಸಬೇಕೆಂದರು. ಅಷ್ಟರಿಂದಲೇ ಸಂಶಯವು ನಿಶ್ಶೇಷವಾಯಿತೆಂದಲ್ಲ. ಆದರೆ ಎಲ್ಲಿ ಹುಡುಕಬೇಕೆಂಬುದು ಸ್ಪಷ್ಟವಾಯಿತು. ಕೇರಳದ ನೀಲಕಂಠ ಸೋಮಯಾಜಿಯು ತನ್ನ ಜ್ಯೋತಿರ್ಮೀಮಾಂಸೆಯಲ್ಲಿ, ಹಿಂದಿನವರ ಗಣಿತವನ್ನು ಗ್ರಹಣಗಳ ವೀಕ್ಷಣೆಯೊಡನೆ ಹೋಲಿಸಿ ತಿದ್ದುತ್ತಿರಬೇಕೆಂದು ವಾದಿಸಿದುದು ಇದೇ ಮನೋಧರ್ಮದ ಫಲ. ನಂಬತಕ್ಕವರ ಮಾತು, ಎಂದರೆ ಆಪ್ತವಾಕ್ಯ, ಎಂಬ ಗೌರವವು ಪರೀಕ್ಷೆಯಿಂದ ವಿನಾಯಿತಿ ಪಡೆಯುವ ಹಕ್ಕಲ್ಲ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳ ಪರೀಕ್ಷೆಗೆ ಸಮಿತಿಯನ್ನು ರಚಿಸಿ ಅಪಾರ ವಿರೋಧವನ್ನು ಎದುರಿಸಿದಾಗಲೂ ವಿವಾದದ ತಿರುಳು ಇದೇ ಆಗಿತ್ತು.

ನಾರಳೀಕರರ ಸ್ವಂತ ವಿಜ್ಞಾನಜೀವನದಲ್ಲಿ, ಏನು ಕಂಡರೆ ಸೋತೆನೆಂದು ಒಪ್ಪಬೇಕೆಂಬ ಪ್ರಶ್ನೆಯು ಇನ್ನೂ ಕಠಿಣವಾಗಿ ಬಂದಿತು. ವಿಶ್ವವು ಎಲ್ಲ ಎಡೆಗಳಲ್ಲಿಯೂ ಎಲ್ಲ ಕಾಲಗಳಲ್ಲಿಯೂ ಒಂದೇ ಬಗೆಯಾಗಿ ತೋರಬೇಕು, ಅಲ್ಲವಾದರೆ ಇಲ್ಲಿ ಇಂದು ಕಂಡ ನಿಯಮವನ್ನು ದೂರದ ದೇಶಕಾಲಗಳಿಗೆ ಹೇಗೆ ಅನ್ವಯಿಸುವುದು ಎಂಬ ತಾತ್ತ್ವಿಕ ಆಗ್ರಹದಿಂದಲೇ ಬಾಂಡಿ ಮತ್ತು ಗೋಲ್ಡರು 1948ರಲ್ಲಿ ಸ್ಥಿರಸ್ಥಿತಿ ಸಿದ್ಧಾಂತವನ್ನು ಪ್ರತಿಪಾದಿಸಿದರು; ಅದೇ ವರ್ಷ ಹಾಯ್ಲರು ತಮ್ಮದೇ ದಾರಿಯಿಂದ ಅಲ್ಲಿಗೆ ಬಂದರು. 1965ರಲ್ಲಿ ಪೆಂಜಿಯಾಸ್ ಮತ್ತು ವಿಲ್ಸನರು ಆಕಾಶದ ಎಲ್ಲ ದಿಕ್ಕುಗಳಿಂದಲೂ ಬರುವ ಸೂಕ್ಷ್ಮತರಂಗಗಳನ್ನು, ವಿಶ್ವವು ಹಿಂದೆ ಈಗಿನಂತಿರಲಿಲ್ಲವೆಂಬುದರ ಕುರುಹನ್ನು, ಕಂಡಮೇಲೆ ಬಹುಮಂದಿ ಆ ಸಿದ್ಧಾಂತವನ್ನು ಕೈಬಿಟ್ಟರು. ಹಾಯ್ಲರ ಶಿಷ್ಯರಾದ ನಾರಳೀಕರರು ಬಿಡಲಿಲ್ಲ; 1993ರಲ್ಲಿ ಗುರುಗಳೊಡನೆಯೂ ಬರ್ಬಿಜರೊಡನೆಯೂ ಅದರ ಪರಿಷ್ಕೃತ ರೂಪವೊಂದನ್ನು ಮುಂದಿಟ್ಟರು. ಅವರ ನಿರ್ಣಯವನ್ನು ನಾನು ಒಪ್ಪಲಾರೆ. ಆದರೆ ಬಹುಮತವೂ ಆಪ್ತವಾಕ್ಯವಾಗಿಬಿಡಬಾರದೆಂಬ ಅವರ ಕಾಳಜಿಯನ್ನು, 2025ರ ಮೇ ತಿಂಗಳಲ್ಲಿ ಅವರು ಪುಣೆಯಲ್ಲಿ ತೀರಿಕೊಂಡ ಮೇಲೆ, ಹೆಚ್ಚು ಗೌರವದಿಂದ ನೆನೆಯುತ್ತೇನೆ.

ನಮ್ಮ ಬಿ.ಎಸ್‌ಸಿ. ತರಗತಿಗಳಲ್ಲಿ ಜ್ಞಾನದ ಸಾಧನಗಳನ್ನು ವಿವೇಚಿಸುವ ಪ್ರಮಾಣಶಾಸ್ತ್ರಕ್ಕೆ ಒಂದು ಪತ್ರಿಕೆಯಾದರೂ ಇರತಕ್ಕದ್ದು. ಮೈಸೂರಿನ ಎಂ. ಹಿರಿಯಣ್ಣನವರಂಥ ವಿದ್ವಾಂಸರು ಭಾರತೀಯ ದರ್ಶನಗಳನ್ನು ಅಷ್ಟು ತಿಳಿಯಾಗಿ ವಿವರಿಸಿಟ್ಟಿರುವಾಗ, ಅದನ್ನು ತತ್ತ್ವಶಾಸ್ತ್ರದ ನಾಲ್ಕಾರು ವಿದ್ಯಾರ್ಥಿಗಳಿಗಷ್ಟೇ ಮೀಸಲಿಡುವುದು ನಷ್ಟವಲ್ಲದೆ ಬೇರೇನು?

ಖರಾಡಿಯ ಆ ಮನೆಯಲ್ಲಿ 2008ರ ಪರೀಕ್ಷೆಯ ಮಾತು ಬಂದಾಗ ಹುಡುಗನ ತಂದೆಯವರು ಬಹಳ ಹೊತ್ತು ಮಾತನಾಡಲಿಲ್ಲ. ಬಳಿಕ ಕಾಗದವೊಂದನ್ನು ತೆಗೆದುಕೊಂಡು ನಡುವೆ ಗೆರೆಯೆಳೆದು, ಎಡಕ್ಕೆ ತಮ್ಮ ಬಳಗದಲ್ಲಿ ಸಾಲಾವಳಿ ನೋಡಿ ಮಾಡಿದ ಮದುವೆಗಳನ್ನು ಬರೆಯತೊಡಗಿದರು. ಚೆನ್ನಾಗಿ ಬಾಳಿದವರು, ಬಾಳದವರು, ಎಲ್ಲರನ್ನೂ. ಹನ್ನೊಂದು ಹೆಸರುಗಳಾದವು. ಬಲಕ್ಕೆ ಬಂದಾಗ ಲೇಖನಿ ನಿಂತಿತು. “ಜಾತಕ ಕೂಡದವರ ಲಗ್ನಾನ ನಾವು ಮಾಡಿಲ್ಲಲ್ಲ, ತಮ್ಮಾ,” ಎಂದು ಮಗನ ಮುಖ ನೋಡಿದರು, “ಹಂಗಾದ್ರ ಹೋಲಿಸೋದು ಯಾವುದರ ಜೋಡಿ?”