ಅಮಾನತು ಮಾಡಿದರೆ ಶಾಲೆ ಸುರಕ್ಷಿತವಾದೀತೇ?



ಸರ್ಕಾರಿ ಪ್ರೌಢಶಾಲೆಯಲ್ಲೋ ವಸತಿ ಶಾಲೆಯಲ್ಲೋ ಅನಾಹುತವಾದರೆ ಮುಂದೇನಾಗುತ್ತದೆ ಎಂಬುದು ನಮಗೆಲ್ಲ ಬಾಯಿಪಾಠವಾಗಿಬಿಟ್ಟಿದೆ. ಸಂಜೆಯೊಳಗೆ ಮುಖ್ಯ ಶಿಕ್ಷಕರೋ ವಾರ್ಡನ್ನೋ ಅಮಾನತು, ಆಮೇಲೆ ಪರಿಹಾರದ ಘೋಷಣೆ, ವಾರದೊಳಗೆ ಒಂದು ಸುತ್ತೋಲೆ. ತಪ್ಪಿತಸ್ಥರಿಗೆ ಶಿಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಆ ತಪ್ಪಿಗೆ ದಾರಿ ಮಾಡಿಕೊಟ್ಟ ಕೊರತೆ ಅಮಾನತಿನ ಮರುದಿನವೂ ಶಾಲೆಯಲ್ಲಿ ಹಾಗೇ ಇರುತ್ತದಲ್ಲ, ಅದರ ಬಗ್ಗೆ ಯಾರೂ ಉಸಿರೆತ್ತುವುದಿಲ್ಲ.

2019ರ ಆಗಸ್ಟ್ 18ರಂದು ಕೊಪ್ಪಳದಲ್ಲಿ ಹಿಂದುಳಿದ ವರ್ಗಗಳ ಬಾಲಕರ ವಿದ್ಯಾರ್ಥಿನಿಲಯದ ಐವರು ಹುಡುಗರು ಸತ್ತರು. ಸ್ವಾತಂತ್ರ್ಯ ದಿನಕ್ಕೆಂದು ನಿಲ್ಲಿಸಿದ್ದ ಧ್ವಜದ ಕಂಬವನ್ನು ಇಳಿಸುವಾಗ ಅದು ವಿದ್ಯುತ್ ತಂತಿಗೆ ತಗುಲಿತು. ಹಾಸ್ಟೆಲ್ ಇದ್ದದ್ದು ಬಾಡಿಗೆ ಕಟ್ಟಡದಲ್ಲಿ. ತಂತಿ ಹಾದುಹೋದ ಕಟ್ಟಡವನ್ನು ಮಕ್ಕಳ ವಾಸಕ್ಕೆ ಒಪ್ಪಿದವರು ಯಾರು, ಕಂಬ ಇಳಿಸುವುದು ಮಕ್ಕಳ ಪಾಲಿಗೆ ಬಂದದ್ದೇಕೆ? 2023ರ ಡಿಸೆಂಬರಿನಲ್ಲಿ ಮಾಲೂರು ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಮಕ್ಕಳನ್ನೇ ಮಲದ ಗುಂಡಿಗೆ ಇಳಿಸಿದ್ದು ಬಯಲಾಯಿತು. ಪ್ರಾಂಶುಪಾಲರ ಬಂಧನವೂ ಆಯಿತು. ಮರುವರ್ಷ ಅದೇ ತಿಂಗಳು, ಅದೇ ಕೋಲಾರ ಜಿಲ್ಲೆಯ ಇನ್ನೊಂದು ಮೊರಾರ್ಜಿ ಶಾಲೆಯಿಂದ ಪ್ರವಾಸ ಹೋದ ನಾಲ್ವರು ಹುಡುಗಿಯರು ಮುರುಡೇಶ್ವರದ ಕಡಲಲ್ಲಿ ಮುಳುಗಿದರು. ಕೆರೆಯೇ ಬತ್ತುವ ಸೀಮೆಯ ಮಕ್ಕಳಿಗೆ ಅಲೆಯ ಸೆಳೆತ ಹೇಗೆ ಗೊತ್ತಿರಬೇಕು? ಇದಕ್ಕೆ ಪ್ರವಾಸವನ್ನೇ ನಿಲ್ಲಿಸುವುದು ಮದ್ದಲ್ಲ. ಅಂಥ ಮಕ್ಕಳಿಗೆ ಅದೊಂದೇ ಪ್ರವಾಸ.

ಈಗ ಕೊರತೆಯ ಮಾತು. ನಾನು ಪಾಠ ಮಾಡಿದ ಹಳ್ಳಿಯ ಪ್ರೌಢಶಾಲೆಗಳಲ್ಲಿ ಮೊದಲು ಒಬ್ಬ ಜವಾನನಾದರೂ ಇರುತ್ತಿದ್ದ. ಆತ ನಿವೃತ್ತನಾದ, ಹುದ್ದೆ ಖಾಲಿಯೇ ಉಳಿಯಿತು. ಅಂದಿನಿಂದ ಗಂಟೆ ಹೊಡೆಯುವವರು ಮಕ್ಕಳು, ಬೀಗ ತೆಗೆಯುವವರು ಮಕ್ಕಳು, ಟ್ಯಾಂಕಿಗೆ ನೀರು ಬಂತೇ ಎಂದು ತಾರಸಿ ಹತ್ತಿ ಇಣುಕುವವರೂ ಮಕ್ಕಳೇ. ಅವರು ಶೌಚಾಲಯ ತೊಳೆಯುವ ಚಿತ್ರವನ್ನು ಯಾರೋ ಮೊಬೈಲಿನಲ್ಲಿ ತೆಗೆದು ಹರಿಬಿಟ್ಟ ದಿನ ಮುಖ್ಯ ಶಿಕ್ಷಕರ ತಲೆದಂಡ. ‘ಸರಿ ಸಾರ್, ನಾಳೆಯಿಂದ ಶೌಚಾಲಯ ಯಾರು ತೊಳೀಬೇಕು?’ ಎಂದು ಮೇಲಿನವರನ್ನು ಕೇಳಿದರೆ ‘ಎಸ್‌ಡಿಎಂಸಿಯವರ ಸಹಕಾರ ತಗೊಳ್ರೀ’ ಎಂಬ ಉತ್ತರ. ಕೂಲಿಗೆ ಹೋಗುವ ಆ ಶಾಲಾಭಿವೃದ್ಧಿ ಸಮಿತಿಯ ಸದಸ್ಯರು ತಮ್ಮ ದಿನಗೂಲಿ ಬಿಟ್ಟು ಬಂದು ತೊಳೆಯಬೇಕೇ? ನೂರರಿಂದ ಇನ್ನೂರೈವತ್ತು ಮಕ್ಕಳಿರುವ ಶಾಲೆಗೆ ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ ವರ್ಷಕ್ಕೆ 50,000 ರೂಪಾಯಿ. ಕರೆಂಟು, ಸೀಮೆಸುಣ್ಣ, ಸಣ್ಣಪುಟ್ಟ ರಿಪೇರಿ ಎಲ್ಲ ಕಳೆದು ಉಳಿದದ್ದರಲ್ಲಿ ಒಬ್ಬ ಆಳಿಗೆ ಸಂಬಳ ಕೊಟ್ಟು ತೋರಿಸಲಿ, ನೋಡೋಣ.

ಹೆಣ್ಣುಮಕ್ಕಳ ಶೌಚಾಲಯಕ್ಕೆ ಒಳಚಿಲಕವಿಲ್ಲದ ಶಾಲೆಯಲ್ಲಿ ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಒತ್ತಿ ಹಿಡಿದು ನಿಲ್ಲುತ್ತಾಳೆ. ಶಿಕ್ಷಕಿಯರ ಪಾಡೂ ಅದೇ, ತಮ್ಮ ವಿದ್ಯಾರ್ಥಿನಿಯನ್ನೇ ಕಾವಲಿಗೆ ಕರೆದುಕೊಂಡು ಹೋಗಬೇಕು. ಇನ್ನು ದೂರು ಪೆಟ್ಟಿಗೆ. ಅದನ್ನು ತೂಗುಹಾಕುವುದು ಸಾಮಾನ್ಯವಾಗಿ ಮುಖ್ಯ ಶಿಕ್ಷಕರ ಕೊಠಡಿಯ ಮುಂದೆ, ಕೀಲಿಯೂ ಅವರ ಮೇಜಿನಲ್ಲೇ. ಚೀಟಿ ಹಾಕುವ ಹುಡುಗಿಯನ್ನು ಇಡೀ ಸ್ಟಾಫ್ ರೂಮು ನೋಡುತ್ತದೆ. ದೂರು ಅಲ್ಲೇ ಕುಳಿತವರ ಮೇಲಿದ್ದರೆ? 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯವಾದ ವಿಷಯ ತಿಳಿದೂ ಪೊಲೀಸರಿಗೆ ತಿಳಿಸದಿದ್ದರೆ ಅದೇ ಅಪರಾಧ, ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು. ಹಾಗಿದ್ದೂ ‘ಹುಡುಗಿ ಮರ್ಯಾದೆ ಪ್ರಶ್ನೆ’ ಎಂದು ರಾಜಿ ಪಂಚಾಯ್ತಿ ಮಾಡಿ ಮುಚ್ಚಿಹಾಕುವ ಚಾಳಿ ಹೋಗಿಲ್ಲ. ಶಿಕ್ಷಕಿಯರಿಗೆ ಕಿರುಕುಳವಾದರೆ ಇನ್ನೂ ಕಷ್ಟ. ಹತ್ತು ಜನ ಸಿಬ್ಬಂದಿ ಇದ್ದರೆ ಮಾತ್ರ ಆಂತರಿಕ ದೂರು ಸಮಿತಿ ಕಡ್ಡಾಯ, ಹಳ್ಳಿಯ ಬಹುತೇಕ ಪ್ರೌಢಶಾಲೆಗಳಲ್ಲಿ ಅಷ್ಟು ಜನ ಇರುವುದೇ ಇಲ್ಲ. ಅಂಥವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು ಎಂದು ಕಾನೂನಿದೆ. ಆ ಸಮಿತಿ ಎಲ್ಲಿದೆ ಎಂದು ಎಷ್ಟು ಶಿಕ್ಷಕಿಯರಿಗೆ ಗೊತ್ತು?

ದುಡ್ಡಿಲ್ಲ ಎಂಬ ಮಾತನ್ನು ಮಾತ್ರ ನಾನು ನಂಬುವುದಿಲ್ಲ. ನಕಲು ತಡೆಯಬೇಕೆಂದು ಮನಸ್ಸು ಮಾಡಿದಾಗ 2024ರ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೊಠಡಿ ಕೊಠಡಿಗೂ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗೂ ನಡೆಯಿತು. ನೂರು ರೂಪಾಯಿಯ ಚಿಲಕಕ್ಕೆ ಮಾತ್ರ ಅನುದಾನ ಬರಬೇಕು!

ಆದೇಶಗಳಿಗೂ ಕೊರತೆಯಿಲ್ಲ. ತಮಿಳುನಾಡಿನ ಕುಂಭಕೋಣಂನ ಶಾಲೆಯಲ್ಲಿ 2004ರಲ್ಲಿ 94 ಮಕ್ಕಳು ಸುಟ್ಟುಹೋದ ಮೇಲೆ, 2009ರಲ್ಲಿ ಸುಪ್ರೀಂ ಕೋರ್ಟು, ಶಿಕ್ಷಣದ ಹಕ್ಕೆಂದರೆ ಸುರಕ್ಷಿತ ಶಾಲೆಯ ಹಕ್ಕೂ ಹೌದು ಎಂದಿತು. ಬೆಂಕಿ ನಂದಿಸುವ ಸಾಧನ, ಸಿಬ್ಬಂದಿಗೆ ತರಬೇತಿ ಎಲ್ಲವೂ ಆ ಆದೇಶದಲ್ಲಿವೆ. ಸಾಧನವೇನೋ ಬಂತು. ನಾನು ಕಂಡ ಒಂದು ಕೆಂಪು ಸಿಲಿಂಡರು ಹಳೆಯ ಉತ್ತರಪತ್ರಿಕೆಗಳ ಕಟ್ಟಿನ ಹಿಂದಿತ್ತು, ಅವಧಿ ಮುಗಿದ ಚೀಟಿಯ ಸಮೇತ. 2025ರ ಜುಲೈನಲ್ಲಿ ರಾಜಸ್ಥಾನದ ಪಿಪ್ಲೋದಿಯಲ್ಲಿ ಸರ್ಕಾರಿ ಶಾಲೆ ಕುಸಿದು ಏಳು ಮಕ್ಕಳು ಸತ್ತ ಮರುದಿನ ಕೇಂದ್ರವು ಎಲ್ಲ ರಾಜ್ಯಗಳಿಗೂ ಶಾಲಾ ಸುರಕ್ಷತೆಯ ತಪಾಸಣೆ ಮಾಡಿಸಿ ಎಂದಿತು. ನಮ್ಮೂರ ಶಾಲೆಯ ತಪಾಸಣೆಯಲ್ಲಿ ಏನು ಕಂಡುಬಂತು ಎಂದು ಪೋಷಕರಿಗೆ ಹೇಳಿದವರಿಲ್ಲ.

ಶಿಕ್ಷಣ ಸಚಿವರಲ್ಲಿ ನನ್ನ ಮನವಿ ಇಷ್ಟೇ. ಮುಂದಿನ ಸುತ್ತೋಲೆಗೆ ಮೊದಲು ಪ್ರತಿ ಪ್ರೌಢಶಾಲೆಗೂ ಒಬ್ಬ ಡಿ ಗ್ರೂಪ್ ನೌಕರರನ್ನು ಕೊಡಿ. ದೂರು ಪೆಟ್ಟಿಗೆಯ ಕೀಲಿ ಶಾಲೆಯ ಹೊರಗಿನ ಮಹಿಳೆಯೊಬ್ಬರ ಕೈಯಲ್ಲಿರಲಿ. ಕಟ್ಟಡ, ವಿದ್ಯುತ್ ತಂತಿ, ಶೌಚಾಲಯದ ತಪಾಸಣಾ ವರದಿಯನ್ನು ಎಂಜಿನಿಯರ್ ಸಹಿಯೊಂದಿಗೆ ಶಾಲೆಯ ನೋಟಿಸ್ ಬೋರ್ಡಿಗೆ ಅಂಟಿಸಿ. ಇವೆಲ್ಲ ಮುಂದಿನ ಜೂನ್ ಒಳಗೆ ಆಗಲಿ.

– ನಿವೃತ್ತ ಪ್ರೌಢಶಾಲಾ ಸಹಶಿಕ್ಷಕ, ತುಮಕೂರು ಜಿಲ್ಲೆ