ಮುಟ್ಟು ನಿಂತ ಮೇಲಿನ ಮಾತು

ಮುಟ್ಟು ನಿಂತ ಹೆಂಗಸರಲ್ಲಿ ಅನೇಕರು ಆಡುವ ಮಾತು, "ಸದ್ಯ, ಪೀಡೆ ತೊಲಗಿತು." ಆ ನೆಮ್ಮದಿ ಸುಳ್ಳಲ್ಲ. ಇನ್ನು ಹೊರಗೆ ಕೂರಬೇಕಾಗಿಲ್ಲ, ಹಬ್ಬದ ದಿನ ಲೆಕ್ಕ ಹಾಕಿ ಅಂಜಬೇಕಾಗಿಲ್ಲ, ದೇವರ ಮನೆಗೆ ಯಾವಾಗ ಬೇಕಾದರೂ ಹೋಗಬಹುದು. ಚಿತ್ರದುರ್ಗ, ತುಮಕೂರು ಕಡೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವಳನ್ನು ಹಟ್ಟಿಯಾಚೆಗೆ ಕಳಿಸುವ ಪದ್ಧತಿಯಿತ್ತು, ಇನ್ನೂ ಪೂರ್ತಿ ಅಳಿದಿಲ್ಲ. ಅಂಥ ಬಾಳು ಕಂಡವಳಿಗೆ ಮುಟ್ಟು ನಿಲ್ಲುವುದೆಂದರೆ ಬಿಡುಗಡೆಯೇ. ಆದರೆ ಅವಳು ಬಿಡಿಸಿಕೊಂಡದ್ದು ನಾವು ಹೇರಿದ ಮೈಲಿಗೆಯಿಂದ. ಇದನ್ನು ಮರೆತಾಗ ದೇಹದ್ದೇ ತಪ್ಪೆಂದಾಗುತ್ತದೆ, ಗರ್ಭಕೋಶ ಬೇಡದ ಹೊರೆಯಾಗುತ್ತದೆ.

"ಮಕ್ಕಳಾದವಲ್ಲ, ಇನ್ನೇಕೆ ಅದು? ಬಿಟ್ಟರೆ ಕ್ಯಾನ್ಸರ್ ಆದೀತು" ಎಂದು ವೈದ್ಯರು ಹೇಳಿದರೆ ಬಡ ಹೆಂಗಸು ಗರ್ಭಕೋಶ ತೆಗೆಸಲು ಒಪ್ಪಿಬಿಡುತ್ತಾಳೆ. ಸುಮಾರು ಹತ್ತು ವರ್ಷದ ಹಿಂದೆ ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ, ದಲಿತ ಹೆಂಗಸರ ಗರ್ಭಕೋಶವನ್ನು ಅನಗತ್ಯವಾಗಿ ತೆಗೆದ ದೂರುಗಳು ಎದ್ದು ವಿಚಾರಣೆಗಳು ನಡೆದವು. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರದ್ದೂ ಇದೇ ಕಥೆ. ಅಲ್ಲಿ ಮುಟ್ಟಿನ ನೋವಿಗೆ ಒಂದು ದಿನ ಕೆಲಸ ತಪ್ಪಿದರೂ ದಂಡ. ಅವರೇ ಕೇಳಿ ತೆಗೆಸಿಕೊಂಡರು ಎನ್ನುವವರಿದ್ದಾರೆ. ಹೊಟ್ಟೆಪಾಡು ಒಂದು ಕಡೆ, ಕ್ಯಾನ್ಸರಿನ ಭಯ ಇನ್ನೊಂದು ಕಡೆ, ನಡುವೆ ತಿಳಿಸಿ ಹೇಳುವವರೇ ಇಲ್ಲದಾಗ ಕೊಟ್ಟ ಒಪ್ಪಿಗೆಯನ್ನು ಒಪ್ಪಿಗೆ ಎನ್ನಲು ನನಗೆ ಬಾಯಿ ಬರುವುದಿಲ್ಲ.

ತಿಳಿಯಬೇಕಾದದ್ದು ಕಷ್ಟದ ವಿದ್ಯೆಯೇನಲ್ಲ. ನಲವತ್ತು ದಾಟಿದ ಮೇಲೆ ಅಂಡಾಶಯದಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನು ಏರಿಳಿಯುತ್ತ ಕಡಿಮೆಯಾಗುತ್ತದೆ, ಮುಟ್ಟು ಹಿಂದುಮುಂದಾಗುತ್ತದೆ. ಸತತ 12 ತಿಂಗಳು ಆಗದಿದ್ದರೆ ನಿಂತಿತೆಂದು ಲೆಕ್ಕ. ನಮ್ಮ ದೇಶದಲ್ಲಿ ಅದು ಸರಾಸರಿ 46–47ರ ವಯಸ್ಸಿಗೆ. ಆ ವರ್ಷಗಳಲ್ಲಿ ಮೈಯೆಲ್ಲ ಬಿಸಿಯೇರುವುದು, ನಡುರಾತ್ರಿ ಬೆವರುವುದು, ನಿದ್ದೆ ಬಾರದಿರುವುದು, ಸುಮ್ಮಸುಮ್ಮನೆ ಅಳು ಬರುವುದು ಎಲ್ಲ ಉಂಟು. ಮನೆಯವರು ಅದನ್ನು ಸಿಡುಕು ಎನ್ನುತ್ತಾರೆ. ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದರೆ ಮೂವತ್ತರ ಹೆಣ್ಣಿಗೂ ಇದೆಲ್ಲ ಒಮ್ಮೆಲೇ ಬಂದೆರಗುತ್ತದೆ, ಮೂಳೆಗಳೂ ಬೇಗ ಸವೆಯುತ್ತವೆ.

ಸರ್ಕಾರ ಸುಮ್ಮನಿದೆಯೆಂದಲ್ಲ. ಹದಿಹರೆಯದ ಹುಡುಗಿಯರಿಗೆ ಅದರ ಶುಚಿ ಯೋಜನೆಯ ಪ್ಯಾಡ್ ಬಂತು. 2025ರ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟ ಉದ್ಯೋಗಸ್ಥ ಮಹಿಳೆಯರಿಗೆ ತಿಂಗಳಿಗೊಂದು ಸಂಬಳಸಹಿತ ಮುಟ್ಟಿನ ರಜೆ ಒಪ್ಪಿತು. ಎರಡೂ ಬೇಕಾದದ್ದೇ. ಆದರೆ ದಿನಗೂಲಿಗೆ ಹೋಗುವ ನಲವತ್ತೈದರ ಹೆಂಗಸನ್ನು ಕೂರಿಸಿಕೊಂಡು ಅವಳ ಮೈಯಲ್ಲಿ ಏನಾಗುತ್ತಿದೆಯೆಂದು ಹೇಳುವವರು ಬೇಕು. ಹಟ್ಟಿ, ತಾಂಡಾಗಳ ಮನೆಮನೆಯನ್ನೂ ಬಲ್ಲ ಆಶಾ ಕಾರ್ಯಕರ್ತೆಯರಿಗೆ ಸರ್ಕಾರ ಈ ಕೆಲಸ ಕಲಿಸಿ, ಅದಕ್ಕೆ ತಕ್ಕ ಗೌರವಧನ ಕೊಡಲಿ.

ಅಲ್ಲಿಯವರೆಗೆ ನಿಮ್ಮ ಅವ್ವ, ಅಕ್ಕ, ಅತ್ತೆಯರಿಗೆ ಇಷ್ಟಾದರೂ ಹೇಳಿ: ಗರ್ಭಕೋಶ ತೆಗೆಸಬೇಕೆಂದರೆ ಇನ್ನೊಬ್ಬ ವೈದ್ಯರನ್ನೂ ಕೇಳಬೇಕು, ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ನಾಚದೆ, ತಡಮಾಡದೆ ತೋರಿಸಿಕೊಳ್ಳಬೇಕು.